ನೇಣುಗಂಬದ ಚೆಂಡು

ಸಿಡೋನಿ ಅವನನ್ನು ಮೊದಲು ಕಂಡ ದಿನ ಅವನ ಹಣೆಯ ಮೇಲೆ ಚೆಂಡಿನ ಹೊಲಿಗೆ ಅಚ್ಚೊತ್ತಿತ್ತು. ಬೆಲ್ಜಿಯಂನ ಲೇ ನದಿಯ ದಂಡೆಯ ಆ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಸೂಪು ಕಾಯಿಸಿ ಅಂಗಿ ಒಗೆಯುವ ಕೆಲಸಕ್ಕೆ ಅವಳು ಅಂದೇ ಸೇರಿದ್ದಳು. ಮೈದಾನದ ಮೂಲೆಯಲ್ಲೊಂದು ಮರದ ಕಂಬ, ಅದರ ಅಡ್ಡತೋಳಿನಿಂದ ಹಗ್ಗದಲ್ಲಿ ತೂಗುವ ತೊಗಲಿನ ಚೆಂಡು. ತಲೆಯಿಂದ ಹೊಡೆಯುವುದನ್ನು ಅದರಲ್ಲೇ ಕಲಿಸುವುದು. ಎಲ್ಲರೂ ಅದನ್ನು ನೇಣುಗಂಬ ಎಂದೇ ಕರೆಯುತ್ತಿದ್ದರು.

"ನೋಯಲ್ವೇನೋ?" ಅಂದಳು.

"ಚೆಂಡನ್ನೇ ಕೇಳಿ, ಮದಾಮ್" ಎಂದು ಓಡಿಲೋನ್ ನಕ್ಕ.

ಆ ತಲೆಯೇ ಅವನನ್ನು ಬೆಲ್ಜಿಯಂ ತಂಡಕ್ಕೆ ಒಯ್ದಿತು. ಆಟ ಬಿಟ್ಟು ಊರಿಗೆ ಮರಳಿದ ಮೇಲೂ ಜನರ ಹುಚ್ಚು ಇಳಿಯಲಿಲ್ಲ. ಅವನು ಬೀದಿಗಿಳಿದರೆ ಬೇಕರಿಯವಳು ಹಿಟ್ಟಿನ ಕೈಯಲ್ಲೇ ಹೊರಗೋಡಿ ಬರುತ್ತಿದ್ದಳು. ಕಟುಕ ತನ್ನ ಸಾಸೇಜಿಗೆ ಅವನ ಹೆಸರಿಟ್ಟಿದ್ದ. ವರ್ಷಕ್ಕೊಮ್ಮೆ ಬರುವ ಕೆರ್ಮಿಸ್ ಎಂಬ ಊರಹಬ್ಬದ ಭಾನುವಾರ ಅವನು ಆ ಹಳೆಯ ಚೆಂಡನ್ನು ತಲೆಯಿಂದ ಹೊಡೆದು ಕಂಬದ ತುದಿಯ ಗಂಟೆ ಬಾರಿಸಬೇಕು. ಅಲ್ಲಿಯವರೆಗೆ ಬಿಯರ್ ಪೀಪಾಯಿ ತೆರೆಯುವಂತಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನ ಊಟ ಸಿಡೋನಿಯ ಅಡುಗೆಮನೆಯಲ್ಲೇ. ಈ ವರ್ಷ ಅವನು ಚಮಚ ಹಿಡಿದು ಸೂಪನ್ನೇ ನೋಡುತ್ತ ಕೂತುಬಿಡುತ್ತಿದ್ದ. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಆ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಮನುಷ್ಯ ಉಳಿಯುವುದಿಲ್ಲ.

ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಅವಳು ಚೆಂಡನ್ನು ಒಲೆಯ ಹಿಂದಿಟ್ಟು ಒಣಗಿಸಿ, ಕೊಬ್ಬು ಸವರಿ, ಬೆಳಿಗ್ಗೆ ಕಟ್ಟಿಸುತ್ತಿದ್ದಳು. ಈ ಸಲ ಕೊಡಲೇ ಇಲ್ಲ, ಸೌದೆಯಡಿ ಬಚ್ಚಿಟ್ಟಳು. ಕ್ಲಬ್ಬಿನವರು ಅದನ್ನು ಹುಡುಕಿ ತೆಗೆದು ಶನಿವಾರವೇ ತೂಗುಹಾಕಿ ಹೋದರು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಅವಳು ಹೆಬ್ಬೆರಳಿನಿಂದ ಒತ್ತಿದರೆ ಹೊಲಿಗೆಯಿಂದ ನೀರು ಜಿನುಗಿತು. ನೀರು ಕುಡಿದ ಚೆಂಡು ಕಲ್ಲಿನಷ್ಟು ಭಾರವಾಗಿತ್ತು.

"ಅಧ್ಯಕ್ಷರೇ, ಈ ವರ್ಷ ಬೇಡ" ಎಂದು ಕ್ಲಬ್ಬಿನ ಅಧ್ಯಕ್ಷ ಫಿರ್ಮಿನ್‌ನನ್ನು ಬೇಡಿದಳು. "ಅವನ ತಲೆ ತಡೆಯಲ್ಲ."

"ಆ ತಲೆನಾ? ಅದಕ್ಕೆ ಗೋಡೆನೇ ಹೆದರುತ್ತೆ! ನೀವು ಸೂಪು ನೋಡ್ಕೊಳಿ, ಮದಾಮ್. ಜನ ಬಾಯಾರ್ಕೊಂಡು ನಿಂತಿದಾರೆ, ನಂಗೇ ಹೊಡೀತಾರೆ ಆಮೇಲೆ."

ಅವಳು ಓಡಿಲೋನ್‌ನನ್ನು ಅಡುಗೆಮನೆಯಲ್ಲಿ ಕೂರಿಸಿದಳು. ಮುಂದೆ ಬಟ್ಟಲಿಟ್ಟಳು. "ಇಲ್ಲೇ ಇರು. ಹೊರಗೆ ಹೋಗಬೇಡ." ಅವನು ತಲೆಯಾಡಿಸಿದ.

ಹೊರಗೆ ಕೂಗು ಎದ್ದಿತು. "ಓಡಿಲೋನ್! ಓಡಿಲೋನ್!" ಕಾಲು ನೆಲಕ್ಕೆ ಬಡಿಯುವ ಸದ್ದಿಗೆ ಕಪಾಟಿನ ತಟ್ಟೆಗಳು ನಡುಗಿದವು. ಅವನು ಎದ್ದು ನಿಂತ. ಅವಳು ಕೋಟಿನ ತೋಳನ್ನು ಎರಡೂ ಕೈಯಿಂದ ಹಿಡಿದಳು. ಅಷ್ಟರಲ್ಲಿ ಫಿರ್ಮಿನ್ ಬಾಗಿಲು ದೂಡಿ ತೆರೆದ. ಅವನ ಹಿಂದೆ, ಜನರ ತಲೆಗಳ ಮೇಲೆ, ಒದ್ದೆ ಚೆಂಡು ತನ್ನಷ್ಟಕ್ಕೆ ತೂಗುತ್ತಿತ್ತು.

ಓಡಿಲೋನ್ ಅವಳ ಬೆರಳುಗಳನ್ನು ಒಂದೊಂದಾಗಿ, ಮೆತ್ತಗೆ ಬಿಡಿಸಿದ. ಕೊನೆಯದಾಗಿ ಅವಳನ್ನು ಕೇಳಿದ್ದು ಇಷ್ಟೇ:

"ಪಾಪ, ಎಷ್ಟು ಹೊತ್ತಿಂದ ಕರೀತಿದಾರೆ, ಮದಾಮ್. ಆ ಓಡಿಲೋನ್ ಅನ್ನೋ ಮನುಷ್ಯ ಎಲ್ಲಿದಾನೋ, ನಾನು ಹೋಗಿ ಕರ್ಕೊಂಡು ಬರ್ಲಾ?"