ಎಂಟು ಮೂಟೆ ಬ್ಲೀಚಿಂಗ್ ಪೌಡರ್

ರಾಮನಗರ ಹೊಸದಾಗಿ ಜಿಲ್ಲೆಯಾದ ಮಾರನೇ ವರ್ಷ ನಾನು ಕೊಳಚೆ ನೀರು ಶುದ್ಧ ಮಾಡುವ ಘಟಕವೊಂದರಲ್ಲಿ ಹೆಲ್ಪರ್ ಆಗಿದ್ದೆ. ಯಾವ ಊರಿನದು ಎಂದು ಬರೆಯುವುದಿಲ್ಲ. ಅದನ್ನು ಕೆಡಿಸಿದವರು ಇನ್ನೂ ಪಿಂಚಣಿ ತಿಂದುಕೊಂಡು ಚೆನ್ನಾಗಿದ್ದಾರೆ. ನಾನು ಓದಿದ್ದು ಮೂರನೇ ಕ್ಲಾಸು. ಕೂಟಗಲ್‌ನಿಂದ ಬಸ್ಸಿನಲ್ಲಿ ಬಂದು, ಊರ ಮೋರಿಯೆಲ್ಲ ಸೇರುವ ಕಡೆ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಬಟ್ಟೆ, ಪ್ಲಾಸ್ಟಿಕ್, ರೇಷ್ಮೆಗೂಡಿನ ಕಸವನ್ನು ಎಳೆದು ಹಾಕುವುದು ನನ್ನ ಕೆಲಸ.

ಯಂತ್ರ ನೋಡಿಕೊಳ್ಳುತ್ತಿದ್ದ ಆಪರೇಟರ್ ನಂಜಪ್ಪ. ನನಗೆ ನಂಜಣ್ಣ. ಕೆಲಸದ ಮರ್ಮ ಹೇಳಿಕೊಟ್ಟವನು ಅವನೇ. ಏರೇಷನ್ ಟ್ಯಾಂಕ್ ಎಂದರೆ ಕೊಳಚೆಗೆ ಗಾಳಿ ಊದುವ ದೊಡ್ಡ ತೊಟ್ಟಿ. ಆ ಗಾಳಿಯಲ್ಲಿ ಬದುಕುವ, ಕಣ್ಣಿಗೆ ಕಾಣದ ಜೀವಗಳು ಕೊಳೆಯನ್ನು ತಿನ್ನುತ್ತವೆ. ತೊಟ್ಟಿಯ ನೀರನ್ನು ಒಂದು ಲೀಟರ್ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಿಸದೆ ಇಟ್ಟರೆ, ರಾಗಿ ಅಂಬಲಿ ಬಣ್ಣದ ಗಸಿ ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲಬೇಕು. ನಿಂತರೆ ತೊಟ್ಟಿಗೆ ಜೀವ ಇದೆ ಎಂದರ್ಥ. ಇದನ್ನು ಕಲಿಯಲು ನನಗೆ ಒಂದು ಬೆಳಿಗ್ಗೆ ಸಾಕಾಯಿತು. ನಮ್ಮ ಎಂಜಿನಿಯರ್ ಸಾಹೇಬರಿಗೆ ನೌಕರಿಯೆಲ್ಲ ಮುಗಿದರೂ ಸಾಕಾಗಲಿಲ್ಲ.

ಬೆಂಗಳೂರಿನಿಂದ ದೊಡ್ಡ ಅಧಿಕಾರಿ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಸಾಹೇಬರು ಗೇಟಿಗೆ ಬಣ್ಣ ಹೊಡೆಸಿದರು, ಹೂಕುಂಡಗಳನ್ನು ಬಾಡಿಗೆಗೆ ತರಿಸಿದರು. ಆಮೇಲೆ ಮೂಗಿಗೆ ಕರ್ಚೀಫು ಹಿಡಿದು ತೊಟ್ಟಿಯ ಹತ್ತಿರ ಬಂದರು.

“ಏನಮ್ಮ ಇದು ಗಬ್ಬು? ಸ್ಟೋರಲ್ಲಿರೋ ಬ್ಲೀಚಿಂಗ್ ಪೌಡರ್ ಪೂರ್ತಿ ಇದಕ್ಕೆ ಸುರಿ.”

ಆ ಪುಡಿ ಕಟ್ಟಕಡೆಯಲ್ಲಿ, ಶುದ್ಧವಾದ ನೀರಿಗೆ ಚೂರು ಬೆರೆಸಲೆಂದು ಇಟ್ಟದ್ದು. ನಂಜಣ್ಣ ಓಡಿ ಬಂದ. “ಬ್ಯಾಡಿ ಸಾ, ಇದ್ರೊಳಗಿರೋವೆಲ್ಲ ಸತ್ತೋಯ್ತವೆ!”

“ಡಿಗ್ರಿ ಮಾಡಿರೋನು ನಾನೋ ನೀನೋ?”

ಎಂಟು ಮೂಟೆ. ಸುರಿದವಳು ನಾನೇ. ದಿನಗೂಲಿಯವಳು, ಗೊತ್ತಿದ್ದೂ ಸುರಿದೆ.

ಅಧಿಕಾರಿ ಬಂದರು, ಎಳನೀರು ಕುಡಿದರು, ವಾಸನೆಯೇ ಇಲ್ಲವಲ್ಲ ಎಂದು ಮೆಚ್ಚಿದರು, ಹೋದರು. ತೊಟ್ಟಿಯೊಳಕ್ಕೆ ಬಗ್ಗಿ ಸಹ ನೋಡಲಿಲ್ಲ. ಮಾರನೇ ದಿನ ಜಾಡಿಯಲ್ಲಿ ಗಸಿ ಕೂರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಮೇಲಿಂದ ಕೆಳಗೆ ಒಂದೇ ಬಿಳಿ. ಊರ ಕೊಳಚೆ ಬಂದ ಹಾಗೇ ಹಳ್ಳಕ್ಕೆ ಹೋಗತೊಡಗಿತು. ಹಳ್ಳದ ನೀರಿನಲ್ಲಿ ಮೇವು ಬೆಳೆಯುತ್ತಿದ್ದವರು ಬಂದು ಗೇಟಿನ ಮುಂದೆ ಕೂತರು. ಮೇಲಿನವರಿಗೆ ಅರ್ಜಿ ಹೋಯಿತು.

ಆಗ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿ ಕುರ್ಚಿ ತೋರಿಸಿದರು. ಅದುವರೆಗೆ ಆ ಮನುಷ್ಯ ನನಗೆ ಕೂರು ಎಂದದ್ದಿಲ್ಲ. ಟೈಪ್ ಮಾಡಿದ ಕಾಗದ ಮುಂದಿಟ್ಟು, “ಕೆಂಪಮ್ಮ, ಇಲ್ಲೊಂದು ಸೈನ್ ಹಾಕು. ಬರೀ ಫಾರ್ಮಾಲಿಟಿ” ಎಂದರು.

ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸಾಹೇಬರು ಬೆವರುವಷ್ಟು ಹೊತ್ತು ಹಿಡಿಯಿತು. ಆಪರೇಟರ್ ನಂಜಪ್ಪ ಕುಡಿದು ಬಂದು ತಾನೇ ಪುಡಿ ಸುರಿದನಂತೆ, ಅದನ್ನು ನಾನು ಕಣ್ಣಾರೆ ಕಂಡೆನಂತೆ. ನಂಜಣ್ಣ ಟೀ ಬಿಟ್ಟರೆ ಇನ್ನೇನೂ ಕುಡಿದವನಲ್ಲ. ಈ ಕಾಗದ ಮೇಲಕ್ಕೆ ಹೋದರೆ ಅವನ ಕೆಲಸ ಹೋಗುತ್ತಿತ್ತು.

“ಕೆಳಗೆ ಒಸಿ ಜಾಗ ಐತಲ್ಲ ಸಾ, ಪೆನ್ನು ಕೊಡಿ” ಎಂದೆ. ದಪ್ಪಕ್ಷರದಲ್ಲಿ ಬರೆದೆ: ಸುರಿದವಳು ನಾನು. ಸುರಿ ಅಂದವರು ಸಾಹೇಬರು. ನಂಜಣ್ಣ ಬೇಡ ಅಂದ. ಅದರ ಕೆಳಗೆ ಸಹಿ ಹಾಕಿದೆ.

“ತಲೆ ಕೆಟ್ಟಿದ್ಯಾ ನಿಂಗೆ? ಕೆಲಸ ಹೋಗುತ್ತೆ!”

“ನನ್ ಕೆಲ್ಸ ಏನ್ಸಾ, ಕಸ ಎಳೆಯೋದು. ಎಲ್ಲೋದ್ರೂ ಸಿಕ್ತದೆ. ನಿಮ್ದು ಸಿಕ್ಕಾದಾ?”

ಕಾಗದವನ್ನು ಅವರೇ ಹರಿದರು. ಬೇರೆ ಸಾಕ್ಷಿ ಸಿಗಲಿಲ್ಲ, ಅಂದು ತೊಟ್ಟಿಯ ಹತ್ತಿರ ಇದ್ದವರೇ ನಾವು ಮೂವರು. ನಂಜಣ್ಣ ಉಳಿದ. ಸಗಣಿ ನೀರು ಹುಯ್ದು, ಬೇರೆ ಘಟಕದಿಂದ ಟ್ಯಾಂಕರಿನಲ್ಲಿ ಗಸಿ ತರಿಸಿ, ತಿಂಗಳೊಳಗೆ ತೊಟ್ಟಿಗೆ ಮತ್ತೆ ಜೀವ ತಂದ. ಅಷ್ಟರಲ್ಲಿ ನನ್ನನ್ನು ತೆಗೆದುಹಾಕಿದ್ದರು. ಸಾಹೇಬರಿಗೆ ಮುಂದೆ ಬಡ್ತಿಯೂ ಸಿಕ್ಕಿತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಯಾರೇ ಕಾಗದ ತಂದು ಬರೀ ಸೈನು ಎಂದರೂ ಪೂರ್ತಿ ಓದಬೇಕು. ಅಕ್ಷರ ಕೂಡಿಸಲು ಎಷ್ಟು ಹೊತ್ತಾದರೂ ಆಗಲಿ, ಸಾಹೇಬರು ಕಾಯಲಿ. ಅವರಿಗೆ ಬೇರೆ ಏನು ಕೆಲಸವಿತ್ತು?