ಚಿಕ್ಕಜಾಲದ ರಸ್ತೆ ತಡೆ

ವಿಮಾನ ನಿಲ್ದಾಣಕ್ಕೆ ಹೊರಟಿದ್ದ ನಮ್ಮ ಬಸ್ಸು ಚಿಕ್ಕಜಾಲದಲ್ಲಿ ನಿಂತುಬಿಟ್ಟಿತು. ರಸ್ತೆ ದಾಟಲು ಪಾದಚಾರಿ ಸೇತುವೆ ಬೇಕೆಂದು ಊರಿನ ಹೆಂಗಸರು ಹೆದ್ದಾರಿಗೆ ಅಡ್ಡ ಕುಳಿತಿದ್ದರು. ಎಲ್ಲಿಗೇ ಆಗಲಿ ಮುಂಚಿತವಾಗಿ ಹೊರಡುವ ನನಗೆ ಆತಂಕವಿರಲಿಲ್ಲ. ಪಕ್ಕದವರು ಮಾತ್ರ, “ಶತ್ರು ಕೋಟೆಗೆ ಹಾಕ್ದಂಗೆ ಮುತ್ತಿಗೆ ಹಾಕಿದ್ದಾರಲ್ಲ ಸಾರ್!” ಎಂದು ಗೊಣಗಿದರು.

ಮುಂದಿನ ಸೀಟಿನಲ್ಲಿ ಬುರ್ಖಾ ತೊಟ್ಟ ತಾಯಿಯೊಬ್ಬಳಿದ್ದಳು. ಅವಳ ಕೂಸು ಹಸಿದು ಚೀರುತ್ತಿತ್ತು. ಗಂಡಸರೇ ತುಂಬಿದ್ದ ಬಸ್ಸಿನಲ್ಲಿ ಹಾಲೂಡಿಸಲು ಅವಳಿಗೆ ಸಂಕೋಚ. ಅಳು ಕೇಳಿ, ರಸ್ತೆಯಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಕೂಗಿದರು: “ಇಳಿದು ಬಾ ತಾಯಿ, ಇಲ್ಲಿ ನಾವೆಲ್ಲ ಎಂಗಸ್ರೇ!”

ಅವಳು ಇಳಿದಳು. ಹೆಂಗಸರೆಲ್ಲ ಎದ್ದು, ಅವಳನ್ನು ನಡುವೆ ಕೂರಿಸಿ, ಹೊರಗೆ ಮುಖ ಮಾಡಿ ಸುತ್ತ ನಿಂತರು. ಅವರು ಎದ್ದದ್ದು ಕಂಡು, ಪ್ರತಿಭಟನೆ ಮುಗಿಯಿತೆಂದು ವಾಹನಗಳೆಲ್ಲ ಸ್ಟಾರ್ಟ್ ಆದವು. ಪೊಲೀಸಿನವನೊಬ್ಬ ವಿಷಲ್ ಊದುತ್ತ ಓಡಿ ಬಂದ.

“ಎದ್ರಲ್ಲಾ, ಈಗ ಜಾಗ ಬಿಡಿ!”

“ಊದ್ಬ್ಯಾಡ ಕಣಪ್ಪ,” ಎಂದರು ಹಿರಿಯಾಕೆ. “ಮಗು ಹಾಲು ಕುಡೀತೈತೆ.”

ಅವನು ವಿಷಲನ್ನು ಜೇಬಿಗಿಳಿಸಿದ. ಹೆಂಗಸರಿಗೆ ಬೆನ್ನು ತಿರುಗಿಸಿ, ಎರಡೂ ಕೈ ಅಗಲಿಸಿ, ನುಗ್ಗಿ ಬರುತ್ತಿದ್ದ ಬೈಕುಗಳಿಗೆ ತಾನೇ ಅಡ್ಡ ನಿಂತ.