ಹೋಸಿಯತ್ ಒಪಾ ಕೊಟ್ಟ ಹಿಮದ ಚೀಟಿ

ಜೊಮಿನ್ ಬೆಟ್ಟದ ಬುಡದಲ್ಲಿರುವ ನಮ್ಮ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ; ಎಲ್ಲರೂ ನನ್ನನ್ನು ದೊಮ್ಲಾ, ಅಂದರೆ ಗುರುಗಳು, ಎನ್ನುತ್ತಿದ್ದರು. ಹೋಸಿಯತ್ ಒಪಾ ಅಡುಗೆ ಮಾಡುತ್ತಿದ್ದರು. ಒಪಾ ಎಂದರೆ ಅಕ್ಕ. ಮಕ್ಕಳಿಗೂ ಅವರು ಅಕ್ಕ, ಮುಖ್ಯೋಪಾಧ್ಯಾಯರಿಗೂ ಅಕ್ಕ. ಮೂವತ್ತೊಂದು ಚಳಿಗಾಲಗಳನ್ನು ಒಲೆಯ ಮುಂದೆಯೇ ಕಳೆದವರು.

ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ ಬೇಸಿಗೆಯಲ್ಲಿ ನಮ್ಮೊಡನೆ ಎಷ್ಟೋ ಸಲ ಬಂದಿದ್ದರು. ಆದರೆ ಅಲ್ಲಿನ ಅರ್ಚಾ ಎಂಬ ನಿತ್ಯಹಸಿರು ಮುದಿ ಮರಗಳು ಹಿಮ ಹೊತ್ತು ನಿಂತದ್ದನ್ನು ನೋಡಿರಲಿಲ್ಲ. ಮೊದಲ ಹಿಮ ಬಿದ್ದ ದಿನವೇ ರಸ್ತೆಗೆ ಅಡ್ಡಗಂಬ ಬೀಳುತ್ತಿತ್ತು. ಆಮೇಲೆ ವಸಂತದವರೆಗೆ ಕಾವಲುಗಾರ ನೊರ್ಬೊತಾ ಒಬ್ಬನೇ ಗುರುವಾರಕ್ಕೊಮ್ಮೆ ಕುದುರೆಯ ಜಾರುಬಂಡಿಯಲ್ಲಿ ಕಾಡುಮೇಕೆಗಳಿಗೆ ಹುಲ್ಲು ಒಯ್ಯುತ್ತಿದ್ದ. ಅವನ ಜೊತೆ ಹೋಗಲು ಅಡ್ಡಿಯೇನೂ ಇರಲಿಲ್ಲ. ಅವನು ಒಪ್ಪಬೇಕಿತ್ತು, ಅಷ್ಟೇ. ನಿವೃತ್ತಿಯಾದ ವರ್ಷ ಒಪಾ ಮೂರು ಸಲ ಕೇಳಿದರು.

“ಮೇಲೆ ನಿಮ್ಮ ಸೊಂಟ ಮುರಿದ್ರೆ, ಕೆಳಗೆ ನಿಮ್ಮ ಮಕ್ಕಳು ನನ್ನ ಸೊಂಟ ಮುರೀತಾರೆ ಒಪಾ” ಎಂದು ಮೂರು ಸಲವೂ ನಕ್ಕುಬಿಟ್ಟ.

ಆ ವರ್ಷ ಮೊದಲ ಹಿಮ ಬಿದ್ದ ಬೆಳಿಗ್ಗೆ ಒಪಾ ನನ್ನ ಬಾಗಿಲು ಬಡಿದರು.

“ದೊಮ್ಲಾ, ನಿಮ್ಮ ಅಕ್ಷರ ದುಂಡಗಿದೆ. ಒಂದು ಚೀಟಿ ಬರೆದುಕೊಡಿ. ಬೇಗ!”

ನಮ್ಮಲ್ಲಿ ಆ ಒಂದು ದಿನ ಹಿಮದ ಚೀಟಿಯ ಆಟ. ಚೀಟಿಯನ್ನು ಒಬ್ಬರ ಕೈಗೆ ದಾಟಿಸಿ, ಸಿಕ್ಕಿಬೀಳದೆ ಮನೆ ಸೇರಿದರೆ, ಅವರು ನೀವು ಕೇಳಿದ ಔತಣ ಕೊಡಲೇಬೇಕು. ಸಿಕ್ಕಿಬಿದ್ದರೆ ಔತಣ ನಿಮ್ಮ ತಲೆಗೆ, ಮಸಿ ನಿಮ್ಮ ಮುಖಕ್ಕೆ. ನಾನು ಬರೆದೆ: ‘ಹಿಮ ನನ್ನದು, ಪಲೋವ್ ನಿನ್ನದು. ಉಣ್ಣುವುದು ಮೇಲೆ, ಅರ್ಚಾ ಮರಗಳ ಕೆಳಗೆ.’ ಪಲೋವ್ ಎಂದರೆ ಮಾಂಸ, ಕ್ಯಾರೆಟ್ ಹಾಕಿ ಕಡಾಯಿಯಲ್ಲಿ ಬೇಯಿಸುವ ನಮ್ಮ ಹಬ್ಬದ ಅನ್ನ.

ಆದರೆ ನೊರ್ಬೊತಾ ಹತ್ತೊಂಬತ್ತು ವರ್ಷಗಳಿಂದ ಯಾರಿಗೂ ಸಿಕ್ಕದ ಆಸಾಮಿ. ಅಂದು ಯಾರ ಕೈಯಿಂದಲೂ ಒಂದು ಬಟ್ಟಲು ಚಹಾ ಸಹ ತೆಗೆದುಕೊಳ್ಳುತ್ತಿರಲಿಲ್ಲ. ಒಪಾ ಅಡ್ಡಗಂಬದ ಬಳಿ ಅವನ ಮುಂದೆ ಹೋಗಿ ನಿಂತರು; ನಾನು ಒಂದು ಮರದ ಹಿಂದೆ ನಿಂತು ನೋಡುತ್ತಿದ್ದೆ.

“ಬಿಸಿ ರೊಟ್ಟಿ ತಂದಿದ್ದೀನಿ, ತಗೋ.”

“ಆ ಬೆಂಚಿನ ಮೇಲೆ ಇಡಿ ಒಪಾ. ಇವತ್ತು ನನಗೆ ಕೈಗಳೇ ಇಲ್ಲ!” ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ.

ಒಪಾ ಬೆಂಚಿನ ಕಡೆಗೆ ತಿರುಗಿದರು, ಜಾರಿದರು, ದೊಪ್ಪನೆ ಬಿದ್ದರು. ಬಟ್ಟೆಯ ಗಂಟು ಬಿಚ್ಚಿ, ರೊಟ್ಟಿ ಉರುಳಿ ನೊರ್ಬೊತಾನ ಕಾಲ ಬಳಿ ಬಂತು. ನೆಲಕ್ಕೆ ಬಿದ್ದ ರೊಟ್ಟಿಯನ್ನು ನೋಡಿಕೊಂಡು ನಿಲ್ಲುವವರು ನಮ್ಮಲ್ಲಿ ಯಾರೂ ಇಲ್ಲ. ಅವನು ಬಾಗಿ ಎತ್ತಿದ, ಮುತ್ತಿಟ್ಟ, ಹಣೆಗೆ ಒತ್ತಿಕೊಂಡ. ಸುತ್ತಿಡೋಣವೆಂದು ಬಟ್ಟೆಯನ್ನೂ ಎತ್ತಿದ. ಬೆರಳಿಗೆ ಕಾಗದ ತಗುಲಿತು.

“ಅಯ್ಯೋ, ಚೀಟಿ!”

“ಚೀಟಿನೇ ಕಣೋ!” ಬಿದ್ದಿದ್ದ ಒಪಾ ಆಗಲೇ ಎದ್ದು ಓಡುತ್ತಿದ್ದರು!

ಅವನು ಹತ್ತು ಹೆಜ್ಜೆ ಬೆನ್ನಟ್ಟಿದ. ಅಷ್ಟರಲ್ಲಿ ತಾಷ್ಕೆಂಟಿನ ಕಾರೊಂದು ಬಂದು ನಿಂತಿತು. ಚಾಲಕ ಇಳಿದು ತಾನೇ ಅಡ್ಡಗಂಬ ಎತ್ತತೊಡಗಿದ.

“ಮುಟ್ಬೇಡ್ರೀ, ರಸ್ತೆ ಮುಚ್ಚಿದೆ! ಒಪಾ, ನಿಂತ್ಕೊಳ್ಳಿ! ರೀ, ಕೈ ತೆಗೀರಿ ಅಂದೆ!”

ಒಂದು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ. ಕೊನೆಗೆ ಅವನು ಅಡ್ಡಗಂಬವನ್ನೇ ಹಿಡಿದು ನಿಂತ. ಒಪಾ ತಲೆವಸ್ತ್ರ ಹಾರಿಸಿಕೊಂಡು ಮನೆಯ ಹೊಸ್ತಿಲು ದಾಟಿದರು. ನಾನು ವಯಸ್ಸು ಮರೆತು ಚಪ್ಪಾಳೆ ತಟ್ಟಿದೆ.

ಗುರುವಾರ ಜಾರುಬಂಡಿಯಲ್ಲಿ ಹುಲ್ಲು, ಕಡಾಯಿ, ಒಪಾ, ಚೀಟಿ ಬರೆದ ತಪ್ಪಿಗೆ ನಾನು.

“ಅವತ್ತು ನಿಜವಾಗಿ ಬಿದ್ರಾ?” ಎಂದು ಮೆಲ್ಲಗೆ ಕೇಳಿದೆ.

“ಸೊಂಟ ನಿಜವಾಗಿ ನೋಯ್ತಿದೆ. ಸುಮ್ನಿರಿ ದೊಮ್ಲಾ, ಅವನಿಗೆ ಕೇಳಿಸೀತು.”

ಕೊನೆಯ ತಿರುವು ದಾಟಿದೆವು. ಕೊಂಬೆಕೊಂಬೆಯಲ್ಲೂ ಹಿಮ ಹೊತ್ತು, ಬಿಸಿಲಿಗೆ ಹೊಳೆಯುತ್ತ ಅರ್ಚಾ ಮರಗಳು ನಿಂತಿದ್ದವು. ಒಪಾ ಸೊಂಟ ಹಿಡಿದುಕೊಂಡೇ ಇಳಿದು, ಒಂದೊಂದು ಮರದ ಬುಡಕ್ಕೂ ಹೋಗಿ ತಲೆ ಎತ್ತಿ ನೋಡಿದರು. ನೊರ್ಬೊತಾ ಅಲ್ಲೇ ಬೇಯಿಸಿದ ಪಲೋವ್ ಬಡಿಸಿದ.

“ಕ್ಯಾರೆಟ್ ದಪ್ಪ ಹೆಚ್ಚಿದ್ದೀಯಲ್ಲೋ.”

“ಮೂವತ್ತೊಂದು ವರ್ಷ ಬಡಿಸಿದ್ದೀರಿ. ಇವತ್ತೊಂದಿನ ಸುಮ್ನೆ ತಿನ್ನಿ ಒಪಾ.”

ಮರಗಳಿಂದ ಕಣ್ಣು ಕೀಳದೆಯೇ ಒಪಾ ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.